ಸ್ಟ್ರೋಕ್ ಆದ ಮೇಲೆ ಮತ್ತೆ ನಡೆಯಲು: ಕೊಡಗಿನ ಮನೆಗಳಿಗೆ ಯಾವ ಫಿಸಿಯೋಥೆರಪಿ ಸರಿ?

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಚೀಟಿಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಫಿಸಿಯೋಥೆರಪಿ ಮುಂದುವರಿಸಿ. ಎಲ್ಲಿ, ವಾರಕ್ಕೆ ಎಷ್ಟು ಸಲ, ಏನೇನು ಮಾಡಿಸಬೇಕು ಅಂತ ಬಿಡಿಸಿ ಹೇಳುವಷ್ಟು ಸಮಯ ಅಲ್ಲಿ ಯಾರಿಗೂ ಇರುವುದಿಲ್ಲ. ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ದಾರಿ ಹೇಳುತ್ತಾರೆ. ಮೈಸೂರಿಗೆ ಸೇರಿಸಿ ಅಂತ ಒಬ್ಬರು. ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಕರೆದುಕೊಂಡು ಹೋಗಿ, ಎಣ್ಣೆ ಚಿಕಿತ್ಸೆ ಮಾಡಿಸಿ ಅಂತ ಇನ್ನೊಬ್ಬರು. ಗೋಣಿಕೊಪ್ಪದಿಂದ ಒಬ್ಬರು ಮನೆಗೇ ಬರ್ತಾರಂತೆ ಅಂತ ಮತ್ತೊಬ್ಬರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಣೆಯಲ್ಲಿ ಯಾವ ಮೆಷಿನ್ ಇದೆ ಅನ್ನುವುದನ್ನು ಕೊನೆಗೆ ನೋಡಿ. ರೋಗಿ ದಿನಕ್ಕೆ ಎಷ್ಟು ಸಲ ಎದ್ದು ನಿಲ್ಲುತ್ತಾರೆ, ಎಷ್ಟು ಹೆಜ್ಜೆ ಹಾಕುತ್ತಾರೆ, ಯಾವ ನೆಲದ ಮೇಲೆ ಹಾಕುತ್ತಾರೆ ಅನ್ನುವುದನ್ನು ಮೊದಲು ನೋಡಿ. ಕೊಡಗಿನಲ್ಲಿ ಈ ಕೊನೆಯ ಪ್ರಶ್ನೆಗೆ ತೂಕ ಜಾಸ್ತಿ. ನಮ್ಮ ಮನೆಗಳಲ್ಲಿ ಸಪಾಟು ಜಾಗವೇ ಅಪರೂಪ ಅಲ್ವಾ?

ಈಗ ರೋಗಿಗೆ ಏನೇನು ಮಾಡಲು ಆಗುತ್ತದೆ?

ಜಾಗ ಆರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಹಾಸಿಗೆಯಲ್ಲಿ ತಾವಾಗಿ ಹೊರಳಲು, ಆಸರೆ ಇಲ್ಲದೆ ಕೂರಲು ಆಗದವರು ಒಂದು ಗುಂಪು. ಒಬ್ಬರು ಹಿಡಿದರೆ ಎದ್ದು ನಿಂತು ನಾಲ್ಕು ಹೆಜ್ಜೆ ಹಾಕುವವರು ಎರಡನೆಯ ಗುಂಪು. ನಡೆಯುತ್ತಾರೆ, ಆದರೆ ತಿರುಗುವಾಗ ವಾಲುತ್ತಾರೆ, ಮೆಟ್ಟಿಲು ಕಂಡರೆ ಹೆದರುತ್ತಾರೆ ಅನ್ನುವವರು ಮೂರನೆಯವರು. ಒಂದೇ ಸ್ಟ್ರೋಕ್ ಅಂದರೂ ಈ ಮೂವರಿಗೆ ಬೇಕಾದ್ದು ಬೇರೆ ಬೇರೆ. ಪಕ್ಕದ ಮನೆಯವರಿಗೆ ಹಿಡಿಸಿದ್ದು ನಿಮ್ಮ ಅಜ್ಜನಿಗೆ ಹಿಡಿಸದೆ ಇರುವುದು ಇದರಿಂದಲೇ.

ಆತುರದ ಬಗ್ಗೆಯೂ ಒಂದು ಮಾತು. ಬೇಗ ಶುರುಮಾಡಬೇಕು ನಿಜ. ಆದರೆ ಮೊದಲ ದಿನವೇ ಎಬ್ಬಿಸಿ ನಡೆಸಿ ಅಂತ ಆಸ್ಪತ್ರೆಯವರ ಬೆನ್ನು ಬೀಳಬೇಡಿ. 2015ರಲ್ಲಿ ಪ್ರಕಟವಾದ ಅವರ್ಟ್ ಅನ್ನುವ ದೊಡ್ಡ ಅಧ್ಯಯನದಲ್ಲಿ 2104 ರೋಗಿಗಳನ್ನು ನೋಡಿದ್ದರು. ಸ್ಟ್ರೋಕ್ ಆದ 24 ಗಂಟೆಯೊಳಗೇ ಜಾಸ್ತಿ ಜಾಸ್ತಿ ಎಬ್ಬಿಸಿ ನಿಲ್ಲಿಸಿದವರು ಮೂರು ತಿಂಗಳ ಹೊತ್ತಿಗೆ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಇದ್ದರು. ಮೊದಲ ದಿನಗಳ ಲೆಕ್ಕ ಡಾಕ್ಟರಿಗೆ ಬಿಡಿ. ನಿಮ್ಮ ಆಯ್ಕೆಯ ಕೆಲಸ ಶುರುವಾಗುವುದು ಅದರ ಆಮೇಲೆ.

ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಸೇರಿಸುವುದು

ಮೊದಲ ಗುಂಪಿನವರಿಗೆ, ಅಂದರೆ ಕೂರಲೂ ಆಗದವರಿಗೆ, ಕೈಲಾದರೆ ಇದೇ ಒಳ್ಳೆಯದು. ಕಾರಣ ಸರಳ. ಅವರಿಗೆ ಕಾಲಿನ ತೊಂದರೆ ಒಂದೇ ಇರುವುದಿಲ್ಲ. ನುಂಗಲು ಕಷ್ಟ, ಮಾತು ಬರುವುದಿಲ್ಲ, ಮೂತ್ರದ ತೊಂದರೆ, ಭುಜ ಜಾರಿರುವುದು, ಕೆಲವರಿಗೆ ಒಂದು ಪಕ್ಕದ ಜಗತ್ತೇ ಗಮನಕ್ಕೆ ಬರುವುದಿಲ್ಲ. ಫಿಸಿಯೋ, ಆಕ್ಯುಪೇಷನಲ್ ಥೆರಪಿ (ಉಣ್ಣುವುದು, ಬಟ್ಟೆ ಹಾಕುವುದು ಮುಂತಾದ ದಿನದ ಕೆಲಸಗಳ ತರಬೇತಿ), ಸ್ಪೀಚ್ ಥೆರಪಿ ಮೂರೂ ಒಂದೇ ಕಡೆ ಸಿಗುವ ಜಾಗ ಬೇಕು. ತರಬೇತಿಯ ಗಂಟೆಗಳೂ ಜಾಸ್ತಿ ಸಿಗಬೇಕು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ತರಬೇತಿ ಕೊಡಿ ಅನ್ನುತ್ತದೆ. ಮೂರೂ ಥೆರಪಿ ಸೇರಿ ಅಷ್ಟು. ಇಷ್ಟನ್ನು ಮನೆಯಲ್ಲಿ ಹೊಂದಿಸುವುದು ಯಾರಿಗೂ ಸುಲಭವಿಲ್ಲ.

ಆದರೆ ಬೋರ್ಡಿನಲ್ಲಿ ‘ರಿಹ್ಯಾಬ್’ ಅಂತ ಬರೆದ ಮಾತ್ರಕ್ಕೆ ಅಷ್ಟು ಗಂಟೆ ಸಿಗುತ್ತದೆ ಅಂದುಕೊಳ್ಳಬೇಡಿ. ಬೆಳಿಗ್ಗೆ ಅರ್ಧ ಗಂಟೆ ಬಂದು ಕೈಕಾಲು ಆಡಿಸಿ ಹೋಗಿ, ಉಳಿದ ದಿನ ರೋಗಿ ಮಂಚದ ಮೇಲೇ ಇದ್ದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಹೋಗಿ ಏನು ಬಂತು? ಸೇರಿಸುವ ಮೊದಲೇ ಕೇಳಿ: ದಿನಕ್ಕೆ ಒಟ್ಟು ಎಷ್ಟು ಗಂಟೆ? ಭಾನುವಾರ ಏನು? ಜೊತೆಗಿರುವ ನಮಗೂ ಕಲಿಸುತ್ತೀರಾ? ಸರ್ಕಾರಿ ಯೋಜನೆಯಲ್ಲಿ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಅಂತ ಅಲ್ಲಿಯ ಆರೋಗ್ಯಮಿತ್ರರನ್ನು ಆ ದಿನವೇ ವಿಚಾರಿಸಿ. ಸ್ಟ್ರೋಕಿಗೆ ಒಳರೋಗಿಯಾಗಿ ಸೇರಿಸಿಕೊಳ್ಳುವುದು ಬೇರೆ, ಆಮೇಲಿನ ವಾರಗಟ್ಟಲೆಯ ತರಬೇತಿ ಬೇರೆ.

ರೋಬೋಟ್ ಮೆಷಿನ್‌ನಲ್ಲಿ ಕಟ್ಟಿ ನಡೆಸುವ ಕೇಂದ್ರಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಪೂರ್ತಿ ಸುಳ್ಳು ಅಂತ ತಳ್ಳಿಹಾಕುವ ಹಾಗಿಲ್ಲ. ಸ್ವಂತವಾಗಿ ನಡೆಯಲು ಆಗದವರಿಗೆ, ಅದೂ ಮೊದಲ ಮೂರು ತಿಂಗಳಲ್ಲಿ, ಫಿಸಿಯೋ ಜೊತೆಗೆ ಈ ಮೆಷಿನ್ ಇದ್ದರೆ ಅನುಕೂಲ ಆಗುವ ಸಾಧ್ಯತೆ ಜಾಸ್ತಿ ಅಂತ ಅಧ್ಯಯನಗಳ ಪರಿಶೀಲನೆಗಳು ಹೇಳುತ್ತವೆ. ಈಗಾಗಲೇ ನಡೆಯುತ್ತಿರುವವರಿಗೆ ಅದಕ್ಕಾಗಿಯೇ ದೂರ ಹೋಗಿ ದುಡ್ಡು ಸುರಿಯಬೇಕಾಗಿಲ್ಲ. ಕೈಗೆ ಹಾಕುವ ರೋಬೋಟ್ ಬೇರೆ ಕಥೆ. ಬ್ರಿಟನ್ನಿನಲ್ಲಿ 770 ಜನರ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರಿಂದ ಕೈಯ ಬಳಕೆ ಮಾಮೂಲಿ ಆರೈಕೆಗಿಂತ ಹೆಚ್ಚೇನೂ ಸುಧಾರಿಸಲಿಲ್ಲ.

ಸೇರಿಸುವುದರಲ್ಲಿ ಇನ್ನೊಂದು ತೊಡಕು ಇದೆ. ಅಲ್ಲಿ ನಡೆಯುವುದು ಟೈಲ್ಸ್ ನೆಲದ ಮೇಲೆ, ಎರಡೂ ಕಡೆ ಕಂಬಿ ಹಿಡಿದು. ಮನೆಗೆ ಬಂದರೆ ಕಾವಿ ನೆಲ, ಎತ್ತರದ ಹೊಸ್ತಿಲು, ಅಂಗಳಕ್ಕೆ ಇಳಿಯಲು ಕಲ್ಲಿನ ಮೆಟ್ಟಿಲು. ಆಸ್ಪತ್ರೆಯಲ್ಲಿ ನಡೆದವರು ಮನೆಯಲ್ಲಿ ಕೂತುಬಿಡುತ್ತಾರೆ. ಹಾಗಾಗಿ ಡಿಸ್ಚಾರ್ಜ್‌ಗೆ ಒಂದು ವಾರ ಮೊದಲೇ ಮನೆಯ ಬಾಗಿಲು, ಮೆಟ್ಟಿಲು, ಬಚ್ಚಲು, ಮಂಚದ ಫೋಟೋ ತೆಗೆದು ಥೆರಪಿಸ್ಟಿಗೆ ತೋರಿಸಿ. ಅಷ್ಟೇ ಎತ್ತರದ ಮೆಟ್ಟಿಲನ್ನು ಅಲ್ಲೇ ಹತ್ತಿಸಿ ಅಭ್ಯಾಸ ಮಾಡಿಸಲು ಹೇಳಿ.

ಹತ್ತಿರದ ಆಸ್ಪತ್ರೆಗೆ ಹೋಗಿ ಬರುವುದು

ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜೇ ಇದೆ. ವಿರಾಜಪೇಟೆ, ಕುಶಾಲನಗರ, ಗೋಣಿಕೊಪ್ಪದ ಕಡೆಯವರು ತಮ್ಮ ಊರಿನಲ್ಲೇ ಮೊದಲು ವಿಚಾರಿಸಬಹುದು. ಖರ್ಚು ಕಡಿಮೆ. ಪ್ಯಾರಲಲ್ ಬಾರ್ (ಎರಡೂ ಕಡೆ ಹಿಡಿದು ನಡೆಯುವ ಕಂಬಿ), ಅಭ್ಯಾಸದ ಮೆಟ್ಟಿಲು, ದೊಡ್ಡ ಕನ್ನಡಿ ಸಿಗುತ್ತವೆ. ಸ್ಟ್ರೋಕ್ ಆದ ಇನ್ನೊಬ್ಬರು ನಡೆಯುವುದನ್ನು ಕಣ್ಣಾರೆ ನೋಡುವುದೂ ಒಂದು ಔಷಧಿಯೇ. ಮನೆಯಿಂದ ಹೊರಡುವುದು, ಕಾರು ಹತ್ತಿ ಇಳಿಯುವುದು, ಅಪರಿಚಿತರ ನಡುವೆ ನಿಲ್ಲುವುದು, ಇವೆಲ್ಲ ಬ್ಯಾಲೆನ್ಸ್ ತರಬೇತಿಯ ಭಾಗವೇ.

ತೊಂದರೆ ದಾರಿಯದ್ದು. ನಾಪೋಕ್ಲು ಆಚೆಯಿಂದಲೋ ಭಾಗಮಂಡಲದ ಕಡೆಯಿಂದಲೋ ಜುಲೈ ಮಳೆಯಲ್ಲಿ ಜೀಪಿನಲ್ಲಿ ಕುಲುಕಿಸಿಕೊಂಡು ಬಂದವರು ತರಬೇತಿಗೆ ಮೊದಲೇ ಸುಸ್ತಾಗಿರುತ್ತಾರೆ. ಸ್ಟ್ರೋಕ್ ಆದವರ ಸುಸ್ತು ಮಾಮೂಲಿ ಸುಸ್ತಲ್ಲ, ವಿಶ್ರಾಂತಿ ತೆಗೆದುಕೊಂಡರೂ ಬೇಗ ಹೋಗುವುದಿಲ್ಲ. ಒಂದು ಕಡೆಯ ಪ್ರಯಾಣ ಮುಕ್ಕಾಲು ಗಂಟೆ ದಾಟುತ್ತದೆ ಅಂದರೆ ವಾರಕ್ಕೆ ಒಂದೋ ಎರಡೋ ದಿನ ಮಾತ್ರ ಹೋಗಿ, ಉಳಿದ ದಿನಕ್ಕೆ ಮನೆಯಲ್ಲಿ ಮಾಡುವ ಅಭ್ಯಾಸ ಬರೆಸಿಕೊಂಡು ಬರುವುದು ಒಳ್ಳೆಯದು ಅನ್ನುವುದು ನನ್ನ ಲೆಕ್ಕ.

ಇನ್ನೊಂದನ್ನು ಗಮನಿಸಿ. ರಶ್ ಇರುವ ಕಡೆ ರೋಗಿಯನ್ನು ಮಲಗಿಸಿ ‘ಕರೆಂಟ್’ (ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸುವುದು) ಇಟ್ಟು, ಹೀಟ್ ಕೊಟ್ಟು ಸಮಯ ಕಳೆಯುವುದು ಉಂಟು. ಮನೆಯವರಿಗೂ ಏನೋ ಚಿಕಿತ್ಸೆ ನಡೆಯಿತು ಅನ್ನುವ ಸಮಾಧಾನ. ಮಲಗಿದ್ದವರಿಗೆ ಬ್ಯಾಲೆನ್ಸ್ ಬರುವುದು ಹೇಗೆ? ಕರೆಂಟಿಗೆ ಅದರದ್ದೇ ಉಪಯೋಗ ಇದೆ, ಪಾದ ಎತ್ತಿಸಲು, ಭುಜ ಜಾರದಂತೆ ನೋಡಿಕೊಳ್ಳಲು ಬಳಸುತ್ತಾರೆ. ಆದರೆ ಸೆಷನ್ನಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ರೋಗಿ ಮಲಗಿಯೇ ಇದ್ದರೆ, ಯಾಕೆ ಅಂತ ಮರ್ಯಾದೆಯಿಂದಲೇ ಕೇಳಿ.

ಮನೆಗೆ ಬರುವ ಫಿಸಿಯೋ

ಎರಡನೆಯ, ಮೂರನೆಯ ಗುಂಪಿನವರಿಗೆ ನನ್ನ ಮೊದಲ ಆಯ್ಕೆ ಇದೇ. ‘ಮನೆಗೆ ಬರುವವರು ಏನು ಮಾಡ್ತಾರೆ, ಅವರ ಹತ್ತಿರ ಮೆಷಿನ್ನೇ ಇಲ್ಲ’ ಅನ್ನುವವರಿಗೆ ಅಮೆರಿಕದ ಲೀಪ್ಸ್ ಅಧ್ಯಯನದ ಕಥೆ ಹೇಳಬೇಕು. 2011ರಲ್ಲಿ ಪ್ರಕಟವಾದದ್ದು, 408 ಜನ ಇದ್ದರು. ಕೆಲವರಿಗೆ ಮೈಭಾರ ಎತ್ತಿ ಹಿಡಿಯುವ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಇನ್ನು ಕೆಲವರ ಮನೆಗೆ ಫಿಸಿಯೋ ಹೋಗಿ ಶಕ್ತಿಯ, ಬ್ಯಾಲೆನ್ಸಿನ ವ್ಯಾಯಾಮ ಮಾಡಿಸಿದರು. ವರ್ಷದ ಕೊನೆಗೆ ನಡಿಗೆಯಲ್ಲಿ ಎರಡೂ ಕಡೆಯವರದ್ದು ಹೆಚ್ಚುಕಡಿಮೆ ಒಂದೇ ಫಲಿತಾಂಶ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಸುಧಾರಿಸಿದ್ದರು. ನಡಿಗೆ ತೀರಾ ಕಷ್ಟವಿದ್ದವರಲ್ಲಿ, ಬೇಗ ಟ್ರೆಡ್‌ಮಿಲ್ ಹತ್ತಿದವರೇ ಜಾಸ್ತಿ ಸಲ ಬಿದ್ದಿದ್ದರು. ಗಮನಿಸಿ, ಅಲ್ಲಿ ಮನೆಯಲ್ಲಿ ಮಾಡಿಸಿದ್ದು ಒಂದೊಂದು ಸಲಕ್ಕೆ 90 ನಿಮಿಷದಂತೆ 36 ಸೆಷನ್. ಸುಮ್ನೆ ಬಂದು ಹೋದದ್ದಲ್ಲ.

ಮನೆಯಲ್ಲೇ ಮಾಡುವುದರ ದೊಡ್ಡ ಲಾಭ ನೆಲ. ಯಾವ ಮೆಟ್ಟಿಲು ಇಳಿಯಬೇಕೋ ಅದೇ ಮೆಟ್ಟಿಲಿನಲ್ಲಿ ಅಭ್ಯಾಸ. ಯಾವ ಬಚ್ಚಲಿಗೆ ಹೋಗಬೇಕೋ ಆ ಬಚ್ಚಲಿನ ತನಕವೇ ನಡಿಗೆ. ಕಾಫಿ ಒಣಗಿಸುವ ಕಣ ಇದ್ದವರು ಅದೃಷ್ಟವಂತರು. ಕೊಯ್ಲಿನ ತಿಂಗಳು ಬಿಟ್ಟರೆ ಅಷ್ಟು ಅಗಲದ ಸಪಾಟು ಜಾಗ ಪೇಟೆಯ ಕ್ಲಿನಿಕ್ಕಿನಲ್ಲೂ ಸಿಗುವುದಿಲ್ಲ. ಸುಣ್ಣದಲ್ಲಿ ಗೆರೆ ಹಾಕಿ ಹತ್ತು ಮೀಟರ್ ಗುರುತು ಮಾಡಿಕೊಳ್ಳಿ. ಮಳೆಗಾಲದಲ್ಲಿ ಮಾತ್ರ ಕಣದ ಕಡೆ ಕರೆದುಕೊಂಡು ಹೋಗಬೇಡಿ, ಪಾಚಿ ಕಟ್ಟಿರುತ್ತದೆ. ಆಗ ಜಗಲಿಯೇ ಗತಿ.

ಲೈನ್ ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳಲ್ಲಿ, ಇರುವವರ ಪರಿಸ್ಥಿತಿ ಬೇರೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಒಂದು ಕೋಣೆ, ನೆಲದ ಮೇಲೆ ಹಾಸಿಗೆ, ಹೊರಗೆ ಕುಕ್ಕರಗಾಲಿನ ಪಾಯಿಖಾನೆ. ಮನೆಯವರೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯ ತನಕ ರೋಗಿ ಒಬ್ಬರೇ. ಇಂಥವರಿಗೆ ಕುರ್ಚಿಯಿಂದ ಏಳುವುದನ್ನು ಮಾತ್ರ ಕಲಿಸಿದರೆ ಸಾಲದು. ನೆಲದಿಂದ ಏಳುವುದನ್ನು ಕಲಿಸಬೇಕು: ಒಳ್ಳೆಯ ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಗಟ್ಟಿ ಸ್ಟೂಲ್ ಹಿಡಿದು ಏಳುವ ಕ್ರಮ. ದುಡ್ಡು ಕೊಟ್ಟು ಫಿಸಿಯೋ ಕರೆಸುವುದು ಕಷ್ಟವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಈ ಒಂದನ್ನಾದರೂ ಕಲಿತು ಬರುವುದು ವಾಸಿ. ಮಾತಿನ ತೊಂದರೆಯೂ ಆಗಿದ್ದರೆ ರೋಗಿಯ ಮನೆಮಾತು ಬಲ್ಲವರು ಜೊತೆಗಿರಲಿ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ಯಾವುದೇ ಇರಲಿ. ಅರ್ಥವಾಗದ ಭಾಷೆಯಲ್ಲಿ ‘ಭಾರ ಎಡಕ್ಕೆ ಹಾಕಿ’ ಅಂದರೆ ಅವರು ಎಲ್ಲಿಗೆ ಹಾಕಬೇಕು?

ಮನೆ ಫಿಸಿಯೋದಲ್ಲಿ ಮೋಸ ಹೋಗುವ ಜಾಗವೂ ಒಂದಿದೆ. ಬಂದವರು ಅರ್ಧ ಗಂಟೆ ಕೈಕಾಲು ಮಡಚಿ ಬಿಡಿಸಿ, ಮಾಲೀಶು ಮಾಡಿ ಹೋಗುತ್ತಾರೆ. ಅದು ಕೀಲು ಬಿಗಿಯಾಗದಂತೆ ನೋಡಿಕೊಳ್ಳಲು ಸರಿ, ನಡಿಗೆಗೆ ಸಾಲದು. ಬಾಗಿಲಿಗೆ ರಾಟೆ ಕಟ್ಟಿ ಬಿದ್ದ ಕೈಯನ್ನು ಒಳ್ಳೆಯ ಕೈಯಿಂದ ಮೇಲಕ್ಕೆ ಎಳೆಯಲು ಹೇಳುವವರೂ ಇದ್ದಾರೆ. ಭುಜಕ್ಕೆ ಪೆಟ್ಟಾಗುತ್ತದೆ, ಬೇಡ ಅನ್ನಿ. ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿ ಪದವಿ, ಓದಿದವರೇ ಅಂತ ಕೇಳಿ ತಿಳಿದುಕೊಳ್ಳಿ.

ಹಾಗಾದರೆ ಮನೆಯವರೇ ಕಲಿತು ಮಾಡಿಸಿದರೆ ಆಗದೇ? ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದ್ದಾರೆ. ಅಟೆಂಡ್ ಅನ್ನುವ ಅಧ್ಯಯನ, 14 ಆಸ್ಪತ್ರೆಗಳು, 1250 ರೋಗಿಗಳು, 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟು ಕಳಿಸಿದ ಗುಂಪಿಗೂ, ಮಾಮೂಲಿ ಆರೈಕೆಯ ಗುಂಪಿಗೂ ಆರು ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯವರ ಶ್ರಮ ವ್ಯರ್ಥ ಅಂತ ನಾನು ಇದನ್ನು ಓದುವುದಿಲ್ಲ. ಫಿಸಿಯೋವನ್ನು ಪೂರ್ತಿ ಬಿಟ್ಟು ಎಲ್ಲ ಭಾರ ಸೊಸೆಯ ಮೇಲೋ ಮಗಳ ಮೇಲೋ ಹೊರಿಸಿದರೆ ಆಗುವುದಿಲ್ಲ ಅಂತ ಓದುತ್ತೇನೆ. ಫಿಸಿಯೋ ವಾರಕ್ಕೆ ಮೂರು ದಿನ ಬಂದು ಅಭ್ಯಾಸವನ್ನು ಸ್ವಲ್ಪ ಸ್ವಲ್ಪವೇ ಕಷ್ಟ ಮಾಡುತ್ತಾ ಹೋಗಬೇಕು. ಉಳಿದ ಹೊತ್ತಿನಲ್ಲಿ ಮನೆಯವರು ಅದನ್ನು ಮತ್ತೆ ಮತ್ತೆ ಮಾಡಿಸಬೇಕು.

ವಿಡಿಯೋ ಕಾಲ್, ಎಣ್ಣೆ ಚಿಕಿತ್ಸೆ

ವಿಡಿಯೋ ಕಾಲ್ ಮೂರನೆಯ ಗುಂಪಿನವರಿಗೆ, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಮಾತ್ರ. ಬೀಳುವವರನ್ನು ಫೋನಿನಿಂದ ಹಿಡಿಯಲು ಆಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋದ ಮೇಲೆ ಅದೂ ಇಲ್ಲ.

ಎಣ್ಣೆ ಚಿಕಿತ್ಸೆಯಿಂದ ಮೈಗೆ ಹಿತ ಅನ್ನಿಸಬಹುದು. ಆದರೆ ನಡಿಗೆ ಕಲಿಯುವ ಮೊದಲ ತಿಂಗಳುಗಳನ್ನು ಮಲಗಿಕೊಂಡೇ ಕಳೆಯುವ ಹಾಗಾಗಬಾರದು. ಹೋಗುವುದೇ ಆದರೆ ನಡಿಗೆಯ ಅಭ್ಯಾಸ ನಿಲ್ಲಿಸಬೇಡಿ. ಬಿ.ಪಿ. ಮಾತ್ರೆ, ರಕ್ತ ತೆಳುವಾಗುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಬಿಡಲೇಬೇಡಿ. ಸ್ಪರ್ಶ ತಿಳಿಯದ ಕೈಕಾಲಿಗೆ ಬಿಸಿ ತಾಗಿಸುವ ಮೊದಲು, ಎಷ್ಟು ಬಿಸಿ ಅಂತ ನೀವೇ ಮುಟ್ಟಿ ನೋಡಿ.

ತರಬೇತಿಯೊಳಗೆ ಏನಿರಬೇಕು

ಬೋಬಾತ್, ಟಾಸ್ಕ್ ಟ್ರೇನಿಂಗ್ ಅಂತ ಫಿಸಿಯೋ ಪದ್ಧತಿಗಳ ಹೆಸರುಗಳು ಕಿವಿಗೆ ಬೀಳುತ್ತವೆ. ಹೆಸರಿಗೆ ಮರುಳಾಗಬೇಡಿ. 96 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ) ಪರಿಶೀಲನೆಯಲ್ಲಿ ಯಾವ ಒಂದು ಪದ್ಧತಿಯೂ ಉಳಿದದ್ದಕ್ಕಿಂತ ಮೇಲು ಅಂತ ಬರಲಿಲ್ಲ. ಸೆಷನ್ ನಡೆಯುವಾಗ ಪಕ್ಕದಲ್ಲಿ ಕೂತು ನೋಡಿ. ಕೂತಲ್ಲಿಂದಲೇ ಕೈಗೆ ಎಟುಕದಷ್ಟು ದೂರದ ಲೋಟಕ್ಕೆ ಬಾಗಿಸುತ್ತಾರಾ? ಬಿದ್ದ ಕಾಲಿನ ಮೇಲೆ ಭಾರ ಹಾಕಿಸಿ ಕುರ್ಚಿಯಿಂದ ಎಬ್ಬಿಸಿ ಕೂರಿಸುತ್ತಾರಾ, ಅದೂ ಒಂದೆರಡು ಸಲವಲ್ಲ, ಬೆವರು ಬರುವಷ್ಟು ಸಲ? ಕಾಲು ಜೋಡಿಸಿ ನಿಲ್ಲಿಸುವುದು, ಪಕ್ಕಕ್ಕೆ ಮತ್ತು ಹಿಂದಕ್ಕೆ ಹೆಜ್ಜೆ, ತಿರುಗುವುದು, ಮಾತಾಡುತ್ತಾ ನಡೆಯುವುದು ಬರುತ್ತದಾ? ಬ್ಯಾಲೆನ್ಸ್ ಕಣ್ಣು, ಒಳಗಿವಿ, ಪಾದದ ಸ್ಪರ್ಶ ಮೂರನ್ನೂ ನೆಚ್ಚಿಕೊಂಡಿರುತ್ತದೆ. ಹಾಗಾಗಿ ಮುಂದೆ ಹೋದ ಹಾಗೆ ಮೆತ್ತನೆಯ ಹಾಸಿನ ಮೇಲೆ, ಆಮೇಲೆ ಕಣ್ಣು ಮುಚ್ಚಿಸಿ ನಿಲ್ಲಿಸುತ್ತಾರೆ. ಇದನ್ನು ಫಿಸಿಯೋ ಇಲ್ಲದಾಗ ಮಾಡಬೇಡಿ. ಟ್ರೆಡ್‌ಮಿಲ್ ಬರುವುದು ಇದೆಲ್ಲದರ ಆಮೇಲೆ. ಸ್ವಂತವಾಗಿ ನಡೆಯಬಲ್ಲವರ ವೇಗ ಹೆಚ್ಚಿಸಲು ಅದು ಒಳ್ಳೆಯದು.

ಎದೆ ನೋವು, ತಲೆ ಸುತ್ತು, ಹೊಸದಾಗಿ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಅಭ್ಯಾಸ ನಿಲ್ಲಿಸಿ. ಬಾಯಿ, ಮಾತು, ಕೈಕಾಲಿನಲ್ಲಿ ಹೊಸ ಬದಲಾವಣೆ ಆದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಕೋಲು, ವಾಕರ್, ಪಾದದ ಪಟ್ಟಿ

ವಾಕರ್ ಹಿಡಿಯಲು ಎರಡೂ ಕೈ ಬೇಕು. ಒಂದು ಕೈ ಬಿದ್ದವರಿಗೆ ಅದನ್ನು ತಂದುಕೊಟ್ಟರೆ ಮೂಲೆಯಲ್ಲಿ ಬಟ್ಟೆ ಒಣಗಿಸಲು ಆಗುತ್ತದೆ ಅಷ್ಟೇ. ನಾಲ್ಕು ಕಾಲಿನ ಕೋಲು ಮನೆಯೊಳಗೆ ಗಟ್ಟಿ. ಆದರೆ ತೋಟದ ಇಳಿಜಾರಿನಲ್ಲಿ ನಾಲ್ಕೂ ಕಾಲು ನೆಲಕ್ಕೆ ತಾಗುವುದಿಲ್ಲ, ಅಲ್ಲಾಡುತ್ತದೆ. ಹೊರಗೆ ಓಡಾಡುವಷ್ಟು ಸುಧಾರಿಸಿದವರಿಗೆ ರಬ್ಬರ್ ತುದಿಯ ಒಂಟಿ ಕೋಲೇ ವಾಸಿ. ಕೋಲು ಒಳ್ಳೆಯ ಕೈಯಲ್ಲಿರಲಿ. ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಬಿದ್ದ ಕಾಲು ಮುಂದೆ.

ಪಾದ ನೆಲಕ್ಕೆ ಎಳೆಯುವವರಿಗೆ ಪ್ಲಾಸ್ಟಿಕ್ ಪಟ್ಟಿ, ಅಂದರೆ ಎ.ಎಫ್.ಓ., ಕೊಡುತ್ತಾರೆ. ಅದೇ ಕೆಲಸಕ್ಕೆ ಕರೆಂಟಿನ ಸಣ್ಣ ಸಾಧನವೂ ಇದೆ, ಬೆಲೆ ತುಂಬಾ ಜಾಸ್ತಿ. ನಡಿಗೆಯ ವೇಗದಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಪಟ್ಟಿಯೇ ಸಾಕು. ಬರಿಗಾಲಿಗೆ ಪಟ್ಟಿ ಕಟ್ಟಿ ಕಾವಿ ನೆಲದ ಮೇಲೆ ನಡೆದರೆ ಜಾರುತ್ತದೆ. ಒಳಗೆ ಚಪ್ಪಲಿ ಹಾಕುವುದಿಲ್ಲ ಅನ್ನುವ ಮನೆಯವರು ಒಳಗಿನ ಬಳಕೆಗೇ ಬೇರೆ ಒಂದು ಜೊತೆ ಬೂಟು ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಅಂಗಳದಿಂದ ಬಂದ ಕೂಡಲೇ ಆ ಪಾದ ಬಿಚ್ಚಿ ನೋಡಿ. ಜಿಗಣೆ ಹತ್ತಿದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಬೇಗ ನಿಲ್ಲುವುದೂ ಇಲ್ಲ.

ಬದಲಾಯಿಸುವುದು ಯಾವಾಗ?

ಯಾವುದನ್ನೇ ಆರಿಸಿದರೂ ಮೊದಲ ದಿನ ಅಳತೆ ತೆಗೆಸಿ. ಬರ್ಗ್ ಅನ್ನುವ ಪರೀಕ್ಷೆಯಲ್ಲಿ 14 ಕೆಲಸ ಮಾಡಿಸಿ 56ಕ್ಕೆ ಅಂಕ ಕೊಡುತ್ತಾರೆ. ಇನ್ನೊಂದನ್ನು ನೀವೇ ಮಾಡಬಹುದು: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ನೋಡಿಕೊಳ್ಳುವುದು. ಕ್ಯಾಲೆಂಡರಿನಲ್ಲಿ ಬರೆದಿಡಿ, ಜೊತೆಗೆ ಬಿದ್ದ ದಿನಗಳನ್ನೂ. ಒಂದು ತಿಂಗಳಲ್ಲಿ ಈ ಲೆಕ್ಕ ಅಲ್ಲಾಡದೆ ಇದ್ದರೆ, ಅಭ್ಯಾಸವೂ ಮೊದಲ ವಾರದ್ದೇ ಇದ್ದರೆ, ಫಿಸಿಯೋ ಹತ್ತಿರ ಮಾತಾಡಿ. ಉತ್ತರ ಸಮಾಧಾನ ಕೊಡದಿದ್ದರೆ ಬದಲಾಯಿಸಿ. ಸಂಕೋಚ ಬೇಡ.

ಆರು ತಿಂಗಳು ಕಳೆದುಹೋಯಿತು, ಇನ್ನೇನೂ ಆಗಲ್ಲ ಅನ್ನುವವರ ಮಾತನ್ನು ನಂಬಬೇಡಿ. ಮೇಲೆ ಹೇಳಿದ ಲೀಪ್ಸ್ ಅಧ್ಯಯನದಲ್ಲಿ ಒಂದು ಗುಂಪಿಗೆ ಟ್ರೆಡ್‌ಮಿಲ್ ತರಬೇತಿ ಶುರುಮಾಡಿದ್ದೇ ಆರನೇ ತಿಂಗಳಲ್ಲಿ. ವರ್ಷದ ಹೊತ್ತಿಗೆ ಅವರೂ ಉಳಿದವರ ಮಟ್ಟಕ್ಕೆ ಬಂದಿದ್ದರು. ಜೂನಿನಲ್ಲಿ ಸ್ಟ್ರೋಕ್ ಆಗಿ ಮಳೆ ಮುಗಿಯುವ ತನಕ ಒಳಗೇ ಕೂತವರು ಅಕ್ಟೋಬರಿನಲ್ಲಿ ಹೊಸದಾಗಿ ಅಳತೆ ತೆಗೆಸಿ, ಅಂಗಳದಿಂದ ಶುರುಮಾಡಬಹುದು. ತೋಟದ ದಾರಿಯ ನಡಿಗೆ ಮಾತ್ರ ಬಿಸಿಲೇರಿದ ಮೇಲೆ ಇರಲಿ. ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆನೆ ಬಂದರೆ ಓಡುವ ಬ್ಯಾಲೆನ್ಸ್ ಯಾವ ಫಿಸಿಯೋ ಕೂಡ ಕಲಿಸುವುದಿಲ್ಲ.